ಒಂದೇ ಜಂತುಹುಳು ಹೊಕ್ಕರೂ ಸಂತತಿ ಬೆಳೆಯುವುದೇ?

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ):
ಬೇರುಹುಳುವಿನ ಹತೋಟಿಗೆಂದು, ಅದರ ಒಳಹೊಕ್ಕು ಕೊಲ್ಲುವ ಹೆಟೆರೊರಾಬ್ಡೈಟಿಸ್ ಇಂಡಿಕಾ ಎಂಬ ಸೂಕ್ಷ್ಮ ಜಂತುಹುಳುವಿನ ಪುಡಿಯನ್ನು ನೀರಿನಲ್ಲಿ ಕದಡಿ ಅಡಿಕೆ ಮರಗಳ ಬುಡಕ್ಕೆ ಹಾಕಿದ್ದೆ. ಕೆಲವು ದಿನ ಬಿಟ್ಟು ಅಗೆದಾಗ ಸಿಕ್ಕ ಸತ್ತ ಹುಳುವೊಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು; ಮೈ ಮೆತ್ತಗಾಗಿದ್ದರೂ ಕೊಳೆತ ನಾತ ಇರಲಿಲ್ಲ. ಅದರೊಳಗೆ ಒಂದೆರಡೇ ಜಂತುಗಳು ಹೊಕ್ಕು, ಅವೆಲ್ಲ ಗಂಡೇ ಆಗಿದ್ದರೆ ಸಂತತಿ ಅಲ್ಲಿಗೇ ನಿಂತುಹೋಗುವುದಿಲ್ಲವೇ?

ಉತ್ತರ 1:
ಈ ಅನುಮಾನ ಸ್ಟೈನರ್ನಿಮಾ ಕುಲದ ಜಂತುಗಳಿಗೆ ಸಲ್ಲುತ್ತದೆ. ಅಲ್ಲಿ ಬಹುತೇಕ ಪ್ರಭೇದಗಳಲ್ಲಿ ಗಂಡೂ ಹೆಣ್ಣೂ ಒಂದೇ ಹುಳುವಿನೊಳಗೆ ಹೊಕ್ಕರೆ ಮಾತ್ರ ಮರಿಗಳಾಗುತ್ತವೆ. ನೀವು ಹಾಕಿದ ಜಂತುವಿನಲ್ಲಿ ಹಾಗಿಲ್ಲ. ಮಣ್ಣಿನಲ್ಲಿ ಆಹಾರವಿಲ್ಲದೆ ಕಾದಿದ್ದು ಹುಳುವಿನ ಬಾಯಿ, ಗುದ ಅಥವಾ ಉಸಿರುರಂಧ್ರದ ಮೂಲಕ ಒಳಸೇರುವ ಮರಿ, ಬೆಳೆದ ಮೇಲೆ ಉಭಯಲಿಂಗಿಯಾಗಿ, ತನ್ನದೇ ವೀರ್ಯಾಣುಗಳಿಂದ ತನ್ನ ಮೊಟ್ಟೆಗಳನ್ನು ಫಲಿತಗೊಳಿಸಿಕೊಳ್ಳುತ್ತದೆ. ಮೊದಲ ಮೊಟ್ಟೆಗಳನ್ನು ಅದು ಹೊರಗಿಡುತ್ತದೆ. ಉಳಿದವು ಒಡಲಿನಲ್ಲೇ ಒಡೆದು, ಮರಿಗಳು ತಾಯಿಯನ್ನೇ ಒಳಗಿನಿಂದ ತಿಂದು ಬೆಳೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ತಾಯಿ, ಒಳಗೆ ಮರಿಗಳು ಮಿಸುಕಾಡುವ ತೆಳ್ಳನೆಯ ಚೀಲದಂತೆ ಕಾಣುತ್ತದೆ. ಕೆಂಪು ಬಣ್ಣ ಜಂತುವಿನದಲ್ಲ, ಅದು ಕರುಳಿನಲ್ಲಿ ಹೊತ್ತು ತರುವ ಫೋಟೊರಾಬ್ಡಸ್ ಬ್ಯಾಕ್ಟೀರಿಯಾದ್ದು. ಅಂದ ಹಾಗೆ, ಆ ಸತ್ತ ಹುಳುವನ್ನು ಎಸೆಯಬೇಡಿ. ತೇವದ ಮಣ್ಣಿನಲ್ಲಿ ಮತ್ತೆ ಹೂತರೆ ಸಾವಿರಗಟ್ಟಲೆ ಹೊಸ ಮರಿಗಳು ಹೊರಬರುತ್ತವೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಈ ಜಾತಿಯಲ್ಲಿ ಹೆಣ್ಣು ಎಂಬುದೇ ಇಲ್ಲವೇ?

ಉತ್ತರ 2:
ಇದೆ. ಹುಳುವಿನೊಳಗೆ ಆಹಾರ ಧಾರಾಳವಾಗಿರುವಾಗ, ಕಾಯುವ ಹಂತವನ್ನು ದಾಟದೆ ನೇರವಾಗಿ ಬೆಳೆದ ಮರಿಗಳಲ್ಲಿ ಗಂಡು ಹೆಣ್ಣುಗಳು ಹುಟ್ಟುತ್ತವೆ. ಹೆಣ್ಣಿಗೂ ಉಭಯಲಿಂಗಿಗೂ ಇರುವುದು ಲಿಂಗ ನಿರ್ಧರಿಸುವ ಎರಡೆರಡು ಎಕ್ಸ್ ವರ್ಣತಂತುಗಳೇ. ಅವುಗಳನ್ನು ಬೇರ್ಪಡಿಸುವುದು ಬೆಳೆದು ಬಂದ ದಾರಿ.

ಉತ್ತರ 3:
ಗಂಡು ಹೆಣ್ಣಾಗುವ ವಿಷಯದಲ್ಲಿ, ಸೊಳ್ಳೆಮರಿಗಳ ಒಳಗೆ ಬೆಳೆಯುವ ಜಂತು ರೊಮಾನೊಮರ್ಮಿಸ್ ಕ್ಯುಲಿಸಿವೊರ‍್ಯಾಕ್ಸ್ ಇನ್ನೂ ವಿಚಿತ್ರವಾದದ್ದು. ಅದರ ಮರಿ ಸೊಳ್ಳೆಮರಿಯ ಚರ್ಮವನ್ನು ಚುಚ್ಚಿ ಒಳಸೇರಿ, ಬಾಯಿಂದ ತಿನ್ನದೆ ಮೈಯಿಂದಲೇ ಪೋಷಕಾಂಶಗಳನ್ನು ಹೀರುತ್ತದೆ. ಒಂದು ಸೊಳ್ಳೆಮರಿಯಲ್ಲಿ ಒಂದೇ ಜಂತು ಹೊಟ್ಟೆತುಂಬ ಬೆಳೆದರೆ ಸಾಮಾನ್ಯವಾಗಿ ಹೆಣ್ಣಾಗುತ್ತದೆ. ಹಲವು ಜಂತುಗಳು ಒಟ್ಟಾಗಿ ಹೊಕ್ಕು ಆಹಾರ ಸಾಲದೇ ಹೋದರೆ ಹೆಚ್ಚಿನವು ಗಂಡಾಗುತ್ತವೆ. ಮೊಟ್ಟೆ ತುಂಬಿಕೊಳ್ಳಲು ದೊಡ್ಡ ಒಡಲು ಬೇಕು, ಗಂಡಿಗೆ ಅಷ್ಟು ಬೇಡ. ವಯಸ್ಕ ಜಂತು ಏನನ್ನೂ ತಿನ್ನುವುದಿಲ್ಲವಾದ್ದರಿಂದ, ಸೊಳ್ಳೆಮರಿಯನ್ನು ಸೀಳಿ ಕೆಸರಿಗೆ ಇಳಿಯುವಾಗ ಒಡಲಲ್ಲಿ ಕೂಡಿಟ್ಟುಕೊಂಡಷ್ಟೇ ಅದರ ಆಸ್ತಿ.