ಕಾರವಾರದ ಸೆಕೆಯಲ್ಲಿ ವೆಂಟ್ರಿಕೋಸಾ: ಎಲೆ ಬರ್ತದೆ, ಹೂಜಿ ಇಲ್ಲ

ಕೋಡಿಬಾಗ_ಟೆರೇಸ್: ಕೀಟ ಹಿಡಿಯುವ ಹೂಜಿ ಗಿಡ ನೆಪೆಂಥಿಸ್ ವೆಂಟ್ರಿಕೋಸಾ, 5 ಇಂಚಿನ ಪ್ಲಾಸ್ಟಿಕ್ ಕುಂಡ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅರ್ಧರ್ಧ. 50% ಶೇಡ್ ನೆಟ್ ಅಡಿ ಇದೆ. ನೀರು ಬಾವಿಯದ್ದು, ಕೆಳಗೆ ತಟ್ಟೆ. ಹೂಜಿಯಾಗಬೇಕಾದ ಎಲೆಯ ತುದಿಯ ಕುಡಿ ಮೆಣಸಿನ ಕಾಳಿನಷ್ಟು ಉಬ್ಬಿ ಅಲ್ಲೇ ಕಪ್ಪಾಗಿ ಒಣಗುತ್ತದೆ. ಕುಂಡಕ್ಕೆ ಒದ್ದೆ ಗೋಣಿಚೀಲ ಸುತ್ತಿದರೆ ತಂಪಾಗುತ್ತದಾ?

ಚಿರೇಕಲ್ಲು: ಮೊದಲು ತಟ್ಟೆ ತೆಗೀರಿ. ಸೆಕೆ ಮತ್ತು ನಿಂತ ನೀರು ಸೇರಿದರೆ ಬೇರು ಕೊಳೆಯೋದು ಖಾತ್ರಿ. ಆಮೇಲೆ ಬಾವಿ ನೀರು ಬಿಡಿ. ಸಮುದ್ರದ ಹತ್ತಿರದ ಬಾವಿಯಲ್ಲಿ ಉಪ್ಪಿನಂಶ ಇದ್ದೇ ಇರುತ್ತದೆ, ಕೋಕೋಪೀಟಿನಲ್ಲೂ ಉಪ್ಪು ಉಳಿದಿರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 50 ಪಿಪಿಎಂಗಿಂತ ಕಡಿಮೆ ತೋರಿಸಬೇಕು. ಮಳೆನೀರು ಉತ್ತಮ, ಮೊದಲ ಮಳೆಯ ಮಾಡಿನ ನೀರು ಚೆಲ್ಲಿ, ನಂತರದ್ದು ಡ್ರಮ್ಮಿಗೆ ಹಿಡಿದು ಸೊಳ್ಳೆ ಬಾರದಂತೆ ಮುಚ್ಚಿಡಿ. ಮಿಶ್ರಣವನ್ನೂ ಬದಲಿಸಿ: ಉದ್ದ ನಾರಿನ ಸ್ಫ್ಯಾಗ್ನಮ್ ಪಾಚಿ ಎರಡು ಪಾಲು, ಪರ್ಲೈಟ್ ಒಂದು ಪಾಲು. ಒತ್ತಿ ತುಂಬಬೇಡಿ. ಗೊಬ್ಬರ ಮಣ್ಣಿಗೆ ಹಾಕಲೇಬಾರದು.

ಘಟ್ಟದಮೇಲೆ: ನೀರಿನ ಮಾತು ಒಪ್ಪಿದೆ, ಆದರೆ ಮೂಲ ತೊಂದರೆ ರಾತ್ರಿಯದ್ದು. ಇದು ಫಿಲಿಪೈನ್ಸ್‌ನಲ್ಲಿ ಹೆಚ್ಚಾಗಿ 1000–2000 ಮೀಟರ್ ಎತ್ತರದ ಗಿಡ. ಹಗಲು 30 ಡಿಗ್ರಿ ತಡಕೊಂಡೀತು. ರಾತ್ರಿಯೂ 25ರಿಂದ ಕೆಳಗೆ ಇಳಿಯದಿದ್ದರೆ, ಹಗಲು ಮಾಡಿದ ಸಕ್ಕರೆಯಲ್ಲಿ ಬಹಳಷ್ಟನ್ನು ರಾತ್ರಿಯ ಉಸಿರಾಟವೇ ತಿಂದುಹಾಕುತ್ತದೆ. ಎಲೆಗೆ ಹೇಗೋ ಸಾಲುತ್ತದೆ, ಹೂಜಿಗೆ ಏನೂ ಉಳಿಯುವುದಿಲ್ಲ.

ಗೋಣಿಚೀಲ ಒಣಹವೆಯ ಬಯಲುಸೀಮೆಗೆ ಸರಿ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ನೀರು ಆರುವುದೇ ನಿಧಾನ, ಆರದೆ ತಂಪಾಗದು. ಬದಲಿಗೆ ಮೀನು ತರುವ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ತನ್ನಿ, ಚೆನ್ನಾಗಿ ತೊಳೆದು ಕುಂಡ ಒಳಗಿಡಿ. ರಾತ್ರಿ 8ರ ಹೊತ್ತಿಗೆ 2 ಲೀಟರಿನ ಎರಡು ಬಾಟಲಿ ಗಟ್ಟಿ ಐಸ್ ಮಾಡಿ, ಗಿಡಕ್ಕಿಂತ ಎತ್ತರದಲ್ಲಿ, ಎಲೆಗೆ ತಾಗದಂತೆ ಇಟ್ಟು ಮುಚ್ಚಿ. ತಣ್ಣನೆ ಗಾಳಿ ಕೆಳಗೇ ಇಳಿಯುವುದಲ್ಲವೇ. ಥರ್ಮಾಮೀಟರ್ 18–20 ತೋರಿಸಿದರೆ ಈ ಜಾತಿಗೆ ಸಾಕು. ಬೆಳಗಾದ ಕೂಡಲೇ ಮುಚ್ಚಳ ತೆಗೀರಿ, ಬಿಸಿಲು ಬಿದ್ದರೆ ಒಳಗೆ ಗಿಡ ಬೆಂದೇಹೋಗುತ್ತದೆ.

ತೋಟದಮನೆ_ಶಿರಸಿ: ಶಿರಸಿಯಲ್ಲಿ ಚಳಿಗಾಲಕ್ಕೆ ಐಸ್ ಬೇಕಾಗದು, ಮಾರ್ಚ್‌ನಿಂದ ಮೇ ಮಾತ್ರ ಕಷ್ಟ. ಘಟ್ಟ, ಕರಾವಳಿ ಎರಡೂ ಕಡೆ ಜನ ಮರೆಯುವುದು ಮಳೆಗಾಲದ ಬೆಳಕನ್ನು. ಜೂನ್‌ನಲ್ಲಿ ಮೋಡ ಕವಿದ ಮೇಲೂ ಶೇಡ್ ನೆಟ್ ಬಿಟ್ಟರೆ ಎಲೆ ಉದ್ದ, ಕಡು ಹಸಿರು, ಹೂಜಿ ಸೊನ್ನೆ. ನೆಟ್ ತೆಗೆದು ಪಾರದರ್ಶಕ ಶೀಟ್ ಅಡಿ ಇಡಿ, ಜಡಿಮಳೆಯೂ ತಪ್ಪುತ್ತದೆ.

ಇಷ್ಟು ಉಪದ್ವ್ಯಾಪ ಬೇಡ ಅಂದರೆ ತಗ್ಗು ಪ್ರದೇಶದ ಹೂಜಿ ಗಿಡಗಳಾದ ಆಂಪುಲ್ಲಾರಿಯಾ ಅಥವಾ ರಾಫ್ಲೇಸಿಯಾನಾ ತನ್ನಿ, ಕಾರವಾರದ ಸೆಕೆ ಅವಕ್ಕೆ ತವರು. ಎತ್ತರದ ತಂಪು ಬೆಟ್ಟಗಳ ಜಾತಿಗಳಾದ ರಾಜಾ, ಹಮಾಟಾ ಫೋಟೋ ನೋಡಿ ಮನಸೋಲಬೇಡಿ, ಏಸಿ ಇಲ್ಲದೆ ಅವು ಕರಾವಳಿಯಲ್ಲಿ ಉಳಿಯವು.

ಕೋಡಿಬಾಗ_ಟೆರೇಸ್: ಕಪ್ಪಾದ ಕುಡಿ ಕತ್ತರಿಸಲಾ?

ಘಟ್ಟದಮೇಲೆ: ಒಣಗಿದ ತುದಿ ಮಾತ್ರ. ಹಸಿರು ಎಲೆ ಗಿಡಕ್ಕೆ ಊಟ ಕೊಡುತ್ತಿದೆ, ಮುಟ್ಟಬೇಡಿ. ಕಪ್ಪಾದ ಕುಡಿ ಮತ್ತೆ ಹೂಜಿಯಾಗದು. ಉಪಾಯ ಫಲಿಸಿತೋ ಇಲ್ಲವೋ ಎಂದು ಮುಂದೆ ಬರುವ ಎರಡನೆಯ, ಮೂರನೆಯ ಎಲೆ ನೋಡಿ ಲೆಕ್ಕ ಹಾಕಿ.