ಘಟ್ಟದ ಮಳೆಯಲ್ಲಿ ಬಿಸಿಯೇರದ ಆಯಿಲ್, ಟ್ರ್ಯಾಕ್‌ನಲ್ಲಿ ತಣಿಯದ ಆಯಿಲ್: ಕೂಲಂಟ್‌ನಿಂದ ಹತೋಟಿಗೆ ತರಬಹುದೇ?

ತೀರ್ಥಹಳ್ಳಿ ಟರ್ಬೊ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಸೆಕೆಂಡ್ ಹ್ಯಾಂಡ್ ಕೊಂಡ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ, 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ಈ ಎಂಜಿನ್ನಿಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಹರಿಯುವ ಚಿಕ್ಕದೊಂದು ಆಯಿಲ್ ಕೂಲರ್ ಫಿಲ್ಟರಿನ ಬುಡದಲ್ಲಿ ಕಂಪನಿಯಿಂದಲೇ ಬರುತ್ತದೆ. ಹಿಂದಿನ ಮಾಲೀಕರು ಅದನ್ನು ತೆಗೆಸಿ, ಬಂಪರಿನ ಹಿಂದೆ ಗಾಳಿಗೆ ತಣಿಯುವ ದೊಡ್ಡ ಕೂಲರ್ ಕೂರಿಸಿದ್ದಾರೆ. ಆಯಿಲಿನ ಹಾದಿಯಲ್ಲಿ ಥರ್ಮೋಸ್ಟಾಟ್ (ನಿಗದಿತ ಬಿಸಿಗೆ ಬಂದಾಗ ಮಾತ್ರ ಹರಿವು ಬಿಡುವ ಕವಾಟ) ಇಲ್ಲ.

ಮಳೆಗಾಲದಲ್ಲಿ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಕೂಲಂಟಿನ ಮುಳ್ಳು 90ರಲ್ಲಿ ನಿಂತಿದ್ದರೂ ಆಯಿಲಿನ ಮೀಟರ್ 70ರ ಕೆಳಗೆ ಇಳಿಯುತ್ತದೆ. ಆಯಿಲ್ ತುಂಬುವ ಮುಚ್ಚಳ ತೆಗೆದರೆ ಒಳಗೆ ಹಳದಿ ಮಿಶ್ರಿತ ಬಿಳಿ ಲೋಳೆ ಅಂಟಿರುತ್ತದೆ. ಬೇಸಿಗೆಯಲ್ಲಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಯ್ದಾಗ ಅದೇ ಮೀಟರ್ 125 ದಾಟಿತು. ಹಾಗಿದ್ದರೆ ಇಷ್ಟು ದೊಡ್ಡ ಕೂಲರ್ ಇದ್ದು ಪ್ರಯೋಜನವೇನು?

ಹಳೆಯ ಮಾದರಿಗೇ ಮರಳೋಣವೆಂದರೆ ಇಬ್ಬರು ಬೇಡ ಎನ್ನುತ್ತಿದ್ದಾರೆ. 90 ಡಿಗ್ರಿಯ ಕೂಲಂಟ್ ಆಯಿಲನ್ನು ಹೇಗೆ ತಣಿಸೀತು ಎಂಬುದು ಒಬ್ಬರ ವಾದ; ಒಳಗೆ ತೂತಾದರೆ ಆಯಿಲೂ ಕೂಲಂಟೂ ಬೆರೆತು ಎಂಜಿನ್ನೇ ಹೋಗುತ್ತದೆ ಎಂಬುದು ಇನ್ನೊಬ್ಬರ ಭಯ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಸಾಗರ ರಸ್ತೆ ಗ್ಯಾರೇಜ್:

90 ಡಿಗ್ರಿಯ ಕೂಲಂಟಿನಿಂದ ಆಯಿಲನ್ನು 80ಕ್ಕೆ ಇಳಿಸಲಾಗದು ಎನ್ನುವುದು ನಿಜ. ಆದರೆ 80ಕ್ಕೆ ಇಳಿಸಬೇಕೆಂದು ಹೇಳಿದವರು ಯಾರು ಸರ್? ಜೋರಾಗಿ ಓಡುವ ಟರ್ಬೊ ಎಂಜಿನ್ನಿನಲ್ಲಿ ಆಯಿಲ್ 100ರಿಂದ 110 ಡಿಗ್ರಿಯ ಆಸುಪಾಸಿನಲ್ಲಿ ಇರುವುದೇ ಒಳ್ಳೆಯದು. ಪಿಸ್ಟನ್ನಿನ ಉಂಗುರಗಳನ್ನು ದಾಟಿ ಕೆಳಗಿಳಿಯುವ ನೀರಾವಿ ಮತ್ತು ಸುಡದೆ ಉಳಿದ ಪೆಟ್ರೋಲು ಆಯಿಲಿನಲ್ಲಿ ಸೇರುತ್ತಲೇ ಇರುತ್ತವೆ. ಆಯಿಲ್ ಸಾಕಷ್ಟು ಕಾದಾಗ ಮಾತ್ರ ಅವು ಆವಿಯಾಗಿ ಬ್ರೀದರ್ ಎಂಬ ಆವಿ ಹೊರಬಿಡುವ ಕೊಳವೆಯ ಮೂಲಕ ಹೊರಹೋಗುತ್ತವೆ. 70 ಡಿಗ್ರಿಯಲ್ಲಿ ಅವನ್ನು ಓಡಿಸಲು ನೋಡುವುದೆಂದರೆ ಆಷಾಢದಲ್ಲಿ ಅಂಗಳಕ್ಕೆ ಅಡಿಕೆ ಹರವಿದಂತೆ. ನಿಮ್ಮ ಮುಚ್ಚಳದ ಲೋಳೆಗೆ ಬಹುಮಟ್ಟಿಗೆ ಇದೇ ಕಾರಣ.

ಮಂದತೆಯ ಲೆಕ್ಕವೂ ಇದೆ. ಸಾಮಾನ್ಯವಾದ 5ಡಬ್ಲ್ಯು-40 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 80ರಿಂದ 85 ಸೆಂಟಿಸ್ಟೋಕ್ (ಮಂದತೆಯ ಅಳತೆ) ಇದ್ದರೆ, 100 ಡಿಗ್ರಿಗೆ ಬರುವಷ್ಟರಲ್ಲಿ 14ರ ಹತ್ತಿರಕ್ಕೆ ತೆಳುವಾಗಿರುತ್ತದೆ. 70ರಲ್ಲಿ ಅದು ಇನ್ನೂ ಅದರ ಎರಡು ಪಟ್ಟು ಮಂದ. ಬೇರಿಂಗ್ ಸವೆಯದಿದ್ದರೂ ಪಂಪಿನ ಶ್ರಮ ಹೆಚ್ಚುತ್ತದೆ, ಪೆಟ್ರೋಲೂ ಹೆಚ್ಚು ಸುಡುತ್ತದೆ.

ಕೂಲಂಟಿನಿಂದ ಆಗುವ ದೊಡ್ಡ ಉಪಕಾರವೆಂದರೆ ಅದರ ತಾಪವನ್ನು ಈಗಾಗಲೇ ಒಂದು ಥರ್ಮೋಸ್ಟಾಟ್ ಹತೋಟಿಯಲ್ಲಿ ಇಟ್ಟಿರುತ್ತದೆ. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಕೂಲಂಟ್ ಬೇಗ ಕಾಯುತ್ತದೆ, ಆಯಿಲ್ ತಡವಾಗಿ ಕಾಯುತ್ತದೆ. ಆಗ ಶಾಖ ಕೂಲಂಟಿನಿಂದ ಆಯಿಲಿಗೆ ಹೋಗುತ್ತದೆ. ಸೋಮೇಶ್ವರದಿಂದ ಮೂರನೇ ಗೇರಿನಲ್ಲಿ ಮೇಲೆ ಹತ್ತುವಾಗ ಟರ್ಬೊದ ಬಿಸಿಯೆಲ್ಲ ಆಯಿಲಿಗೆ ಬಂದು ಅದು ಕೂಲಂಟನ್ನು ಮೀರುತ್ತದೆ. ಆಗ ಅದೇ ಉಪಕರಣದಲ್ಲಿ ಶಾಖ ತಿರುಗಿ ಹರಿಯುತ್ತದೆ. ಗಾಳಿಯ ಕೂಲರಿಗೆ ಇವೆರಡೂ ತಿಳಿಯುವುದಿಲ್ಲ. ಘಟ್ಟದ 14 ಹಿಮ್ಮುರಿ ತಿರುವುಗಳನ್ನು ಹತ್ತುವಾಗ ವೇಗ ಕಡಿಮೆ, ತಣಿಸಲು ಗಾಳಿ ಸಾಲದು. ಇಳಿಯುವಾಗ ಎಂಜಿನ್ನಿಗೆ ಭಾರವೇ ಇಲ್ಲ, ಆದರೆ ಮಳೆ ನೇರವಾಗಿ ಕೂಲರಿನ ಮೇಲೆ ರಾಚುತ್ತದೆ. ಬೇಕಾದಾಗ ಕೊಡದೆ ಬೇಡವಾದಾಗ ಕೊಡುವುದೇ ಅದರ ಸ್ವಭಾವ.

ಆದರೆ ಹೋಸ್ ಎಲ್ಲಿಗೆ ಜೋಡಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರೇಡಿಯೇಟರಿನಿಂದ ಹೊರಬರುವ ತಣ್ಣನೆಯ ಪೈಪಿಗೆ ಜೋಡಿಸಿದರೆ ತಣಿಸುವ ಶಕ್ತಿ ಹೆಚ್ಚು, ಆದರೆ ಥರ್ಮೋಸ್ಟಾಟ್ ತೆರೆಯುವ ತನಕ ಅಲ್ಲಿ ಹರಿವೇ ಇರುವುದಿಲ್ಲವಾದ್ದರಿಂದ ಬೆಳಗಿನ ಚಳಿಯಲ್ಲಿ ಆಯಿಲನ್ನು ಕಾಯಿಸುವ ಲಾಭ ಕೈತಪ್ಪುತ್ತದೆ. ಗಾಡಿಯ ಒಳಗಿನ ಹೀಟರಿಗೆ ಕೂಲಂಟ್ ಹೋಗಿಬರುವ ಸುತ್ತಿನಲ್ಲಿ ಎಂಜಿನ್ ಚಾಲೂ ಆದ ಕ್ಷಣದಿಂದ ಹರಿವು ಇರುತ್ತದೆ. ತಣಿಸುವ ಶಕ್ತಿ ಸ್ವಲ್ಪ ಕಡಿಮೆ. ಮಲೆನಾಡಿನಲ್ಲಿ ದಿನವೂ ಓಡಿಸುವ ಗಾಡಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ನಿಮ್ಮ ಗಾಡಿಯಲ್ಲಿ ಕಂಪನಿಯ ಹೋಸ್ ಬಾಯಿಗಳನ್ನು ಮುಚ್ಚಿಟ್ಟಿರಬಹುದು. ಅವು ಸಿಕ್ಕರೆ ಬೇರೆ ಜಾಗ ಹುಡುಕುವ ಗೋಜೇ ಬೇಡ.

ಭದ್ರಾ ಬೈಪಾಸ್:

ಮೇಲಿನವರ ಮಾತು ರಸ್ತೆಯ ಮಟ್ಟಿಗೆ ಸರಿ, ಟ್ರ್ಯಾಕಿನ ಮಟ್ಟಿಗೆ ಅರ್ಧ ಮಾತ್ರ. ಆಯಿಲಿನಿಂದ ಕೂಲಂಟಿಗೆ ಹೋದ ಶಾಖ ಮಾಯವಾಗುವುದಿಲ್ಲ, ಕೊನೆಗೆ ರೇಡಿಯೇಟರ್ ಮೂಲಕವೇ ಹೊರಬೀಳಬೇಕು. ಒಂದು ಅಂದಾಜು ಲೆಕ್ಕ ಹಾಕೋಣ. ಕೂಲರಿನಲ್ಲಿ ನಿಮಿಷಕ್ಕೆ 20 ಲೀಟರ್ ಆಯಿಲ್ ಹರಿದು 15 ಡಿಗ್ರಿ ಇಳಿದರೆ, ಕೂಲಂಟಿಗೆ ಸೇರುವ ಶಾಖ ಸುಮಾರು 9 ಕಿಲೋವ್ಯಾಟ್. ಅಷ್ಟೇ ಪ್ರಮಾಣದ ಕೂಲಂಟ್ ಅದನ್ನು ಹೊತ್ತುಕೊಂಡರೂ ಅದರ ತಾಪ ಏರುವುದು ಏಳೆಂಟು ಡಿಗ್ರಿ ಮಾತ್ರ, ಏಕೆಂದರೆ ಒಂದು ಲೀಟರ್ ಕೂಲಂಟ್ ಹಿಡಿಯುವ ಶಾಖ ಒಂದು ಲೀಟರ್ ಆಯಿಲ್ ಹಿಡಿಯುವುದರ ಎರಡರಷ್ಟು. ಅಂಗೈಯಗಲದ ಕೂಲರ್ ಅಷ್ಟು ಕೆಲಸ ಮಾಡುವುದು ಈ ಕಾರಣಕ್ಕೆ. ಆದರೆ ಕೊಯಮತ್ತೂರಿನ ಬೇಸಿಗೆಯಲ್ಲಿ, ಫುಲ್ ಬೂಸ್ಟಿನಲ್ಲಿ ಮೊದಲೇ ಏದುಸಿರು ಬಿಡುತ್ತಿರುವ ಹಳೆಯ ರೇಡಿಯೇಟರಿನ ಮೇಲೆ ಇನ್ನೂ 9 ಕಿಲೋವ್ಯಾಟ್ ಹೇರಿದರೆ ಎರಡೂ ಮುಳ್ಳುಗಳು ಒಟ್ಟಿಗೆ ಏರತೊಡಗುತ್ತವೆ.

ಕೂಲಂಟ್ ಮಾದರಿ ಸ್ಪೋರ್ಟ್ಸ್ ಕಾರಿಗೆ ಒಗ್ಗದು ಎಂದು ಮಾತ್ರ ಯಾರೂ ಹೇಳಬೇಡಿ. ಪೋರ್ಶೆ 911 ಕಾರಿನ 993 ಮಾದರಿಯವರೆಗೂ ಎಂಜಿನ್ ತಣಿಯುತ್ತಿದ್ದದ್ದು ಗಾಳಿ ಮತ್ತು ಆಯಿಲಿನಿಂದಲೇ. 1997ರಲ್ಲಿ ಬಂದ 996ರಲ್ಲಿ ಎಂಜಿನ್ ಕೂಲಂಟಿಗೆ ಬದಲಾಯಿತು, ಆಯಿಲನ್ನು ಅದೇ ಕೂಲಂಟಿನಿಂದ ತಣಿಸುವ ವಿನಿಮಯಕವನ್ನು ಎಂಜಿನ್ ಮೇಲೆಯೇ ಕೂರಿಸಿದರು.

ಇನ್ನೊಂದು ವಿಷಯ ತಿಳಿಯಬೇಕು: ನಿಮ್ಮ ಆಯಿಲ್ ಮೀಟರಿನ ಸೆನ್ಸರ್ ಎಲ್ಲಿದೆ? ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನಲ್ಲಿಯೋ, ಕೂಲರಿನಿಂದ ಮರಳುವ ಪೈಪಿನಲ್ಲಿಯೋ?

ತೀರ್ಥಹಳ್ಳಿ ಟರ್ಬೊ:

ವಿವರವಾದ ಉತ್ತರಗಳಿಗೆ ಧನ್ಯವಾದಗಳು. ಇಂದು ಗಾಡಿಯ ಕೆಳಗೆ ಮಲಗಿ ನೋಡಿದೆ. ಸೆನ್ಸರ್ ಇರುವುದು ಕೂಲರಿನಿಂದ ಮರಳುವ ಪೈಪಿನಲ್ಲಿ. ಕಂಪನಿಯ ಎರಡು ಕೂಲಂಟ್ ಹೋಸ್‌ಗಳನ್ನು ಒಂದು ತುಂಡು ತಾಮ್ರದ ಪೈಪಿನಿಂದ ಸೇರಿಸಿ ಕ್ಲಿಪ್ ಬಿಗಿದಿದ್ದಾರೆ, ಹಾಗಾಗಿ ಎರಡೂ ಉಳಿದಿವೆ.

ಭದ್ರಾ ಬೈಪಾಸ್:

ಹಾಗಾದರೆ ಚಿತ್ರವೇ ಬದಲಾಯಿತು. ನೀವು ಓದುತ್ತಿರುವುದು ತಣಿದ ಮೇಲಿನ ತಾಪ. ಘಟ್ಟದಲ್ಲಿ ಮೀಟರ್ 70 ತೋರಿಸುವಾಗ ಸಂಪ್ ಅದಕ್ಕಿಂತ ಬಿಸಿಯಾಗಿರುತ್ತದೆ, ಆದ್ದರಿಂದ ಮಳೆಗಾಲದ ಚಿಂತೆ ತುಸು ಕಡಿಮೆಯಾಗಲಿ. ಟ್ರ್ಯಾಕಿನ 125 ಮಾತ್ರ ಹೆಚ್ಚು ಆತಂಕದ್ದು: ತಣಿದ ಮೇಲೆ 125 ಇದ್ದರೆ ಸಂಪಿನಲ್ಲಿ ಎಷ್ಟಿತ್ತೋ ಲೆಕ್ಕ ಹಾಕಿ. ಆ ಆಯಿಲನ್ನು ಇನ್ನೂ ಬದಲಿಸಿಲ್ಲದಿದ್ದರೆ ಮೊದಲು ಅದನ್ನು ಬದಲಿಸಿ, ಸೆನ್ಸರನ್ನು ಸಂಪಿಗೆ ಸ್ಥಳಾಂತರಿಸಿ, ಉಳಿದದ್ದೆಲ್ಲ ಆಮೇಲೆ. ಬಂಪರಿನ ಹಿಂದಿನ ಕೂಲರಿಗೆ ಗಾಳಿ ಹೋಗಿ ಹಿಂದಿನಿಂದ ಹೊರಬರಲು ದಾರಿ ಇದೆಯೇ ಎಂಬುದನ್ನೂ ನೋಡಿ. ಹೊರದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಕೂಲರ್ ಆದರೂ ಅಷ್ಟೇ.

ಕೊಪ್ಪದ ಕಾಫಿ ತೋಟ:

ಆಯಿಲ್ ಮತ್ತು ಕೂಲಂಟ್ ಬೆರೆಯುವ ಭಯದ ಬಗ್ಗೆ ಯಾರೂ ಉತ್ತರಿಸಿಲ್ಲ, ಹಾಗಾಗಿ ನಾಲ್ಕು ಮಾತು. ಅಪಾಯ ನಿಜ, ಆದರೆ ಅದು ಮುನ್ಸೂಚನೆ ಕೊಟ್ಟೇ ಬರುತ್ತದೆ. ಎಂಜಿನ್ ಓಡುವಾಗ ಆಯಿಲಿನ ಒತ್ತಡ ಮೂರು ನಾಲ್ಕು ಬಾರ್, ಕೂಲಂಟಿನದು ಒಂದೂವರೆ ಬಾರ್ ಕೂಡ ದಾಟುವುದಿಲ್ಲ. ಆದ್ದರಿಂದ ಒಳಗೆ ಸೀಳು ಬಿಟ್ಟರೆ ಮೊದಲು ಆಯಿಲೇ ಕೂಲಂಟಿಗೆ ನುಗ್ಗುತ್ತದೆ. ಕೂಲಂಟ್ ತುಂಬುವ ಎಕ್ಸ್‌ಪಾನ್ಷನ್ ಟ್ಯಾಂಕಿನ ಗೋಡೆಗೆ ಕಂದು ಬಣ್ಣದ ಜಿಡ್ಡು ಅಂಟುತ್ತದೆ. ಎಂಜಿನ್ ಆರಿಸಿದ ಮೇಲೆ ಆಯಿಲಿನ ಒತ್ತಡ ಸೊನ್ನೆಗೆ ಬಂದರೂ ಬಿಸಿ ಕೂಲಂಟಿನ ಒತ್ತಡ ಸ್ವಲ್ಪ ಹೊತ್ತು ಉಳಿದಿರುತ್ತದೆ, ಆಗ ಕೂಲಂಟ್ ಆಯಿಲಿಗೆ ಇಳಿಯಬಹುದು. ಬೇರಿಂಗ್ ಕೆಡಿಸುವುದು ಈ ಎರಡನೆಯದು. ಮುಚ್ಚಳದಲ್ಲಿ ಮಾತ್ರ ಲೋಳೆಯಿದ್ದು, ಆಯಿಲಿನ ಮಟ್ಟ ನೋಡುವ ಡಿಪ್‌ಸ್ಟಿಕ್ ಶುಭ್ರವಾಗಿದ್ದು, ಕೂಲಂಟಿನ ಮಟ್ಟ ಇಳಿಯದಿದ್ದರೆ ಅದು ಮಳೆಗಾಲದ ತೇವ. ಡಿಪ್‌ಸ್ಟಿಕ್ಕಿಗೂ ಹಾಲು ಚಹಾದ ಬಣ್ಣ ಬಂದಿದ್ದರೆ ಗಾಡಿಯನ್ನು ಚಾಲೂ ಮಾಡದೆ ಟೋ ಮಾಡಿಸಿ.

ನಮ್ಮ ಕಡೆಯ ಒಂದು ಅಭ್ಯಾಸವನ್ನೂ ಹೇಳಬೇಕು. ಕೂಲಂಟ್ ಕಡಿಮೆಯಾದರೆ ದಾರಿಯಲ್ಲಿ ಸಿಕ್ಕ ಹಳ್ಳದ ನೀರನ್ನೇ ಸುರಿಯುವವರಿದ್ದಾರೆ. ರೇಡಿಯೇಟರ್ ಅದನ್ನು ಹೇಗೋ ತಾಳಿಕೊಂಡೀತು, ಆದರೆ ಆಯಿಲ್ ಕೂಲರಿನ ತಟ್ಟೆಗಳ ನಡುವಿನ ಸಂದಿ ಬಹಳ ಕಿರಿದು. ಕೆಸರು ಕೂತರೆ ಹರಿವು ಕಟ್ಟುತ್ತದೆ, ತುಕ್ಕು ಹಿಡಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಡಿಸ್ಟಿಲ್ಡ್ ನೀರು ಬೆರೆಸಿದ ಸರಿಯಾದ ಕೂಲಂಟ್ ಮಾತ್ರ ಹಾಕಿ. ಕೂಲರ್ ಹಳೆಯದು ಸಿಕ್ಕಿತೆಂದು ಗುಜರಿಯಿಂದ ತಂದು ಹಾಕಬೇಡಿ; ಅದರೊಳಗನ್ನು ಪೂರ್ತಿ ಶುಚಿ ಮಾಡಲು ಯಾರಿಂದಲೂ ಆಗದು.

ಸಾಗರ ರಸ್ತೆ ಗ್ಯಾರೇಜ್:

ಹೋಸ್ ಉಳಿದಿರುವುದು ಒಳ್ಳೆಯದಾಯಿತು. ಆ ತಾಮ್ರದ ತುಂಡನ್ನು ತೆಗೆದು ಅದೇ ಜಾಗದಲ್ಲಿ ಹೊಸ ಕೂಲಂಟ್ ಕೂಲರನ್ನು ಸೇರಿಸಿ; ಹೋಸ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ವರ್ಷಕ್ಕೆ ಒಂದೆರಡು ಬಾರಿ ಟ್ರ್ಯಾಕಿಗೆ ಹೋಗುವ ಇರಾದೆ ಇದ್ದರೆ ಗಾಳಿಯ ಕೂಲರನ್ನು ಎಸೆಯಬೇಡಿ, ಥರ್ಮೋಸ್ಟಾಟ್ ಇರುವ ಪ್ಲೇಟ್ ಮೂಲಕ ಅದನ್ನು ಉಳಿಸಿಕೊಳ್ಳಿ. ಆದರೆ ಆ ಥರ್ಮೋಸ್ಟಾಟ್ 80 ಡಿಗ್ರಿಗೆ ತೆರೆಯುವಂಥದ್ದಾದರೆ ಫಜೀತಿ: 90ರ ಕೂಲಂಟ್ ಆಯಿಲನ್ನು ಕಾಯಿಸುತ್ತಿರುತ್ತದೆ, ಗಾಳಿಯ ಕೂಲರ್ ಅದನ್ನೇ ತಣಿಸುತ್ತಿರುತ್ತದೆ. ಕೂಲಂಟಿನ ತಾಪಕ್ಕಿಂತ ಮೇಲೆ ತೆರೆಯುವಂಥದ್ದನ್ನೇ ಕೇಳಿ ತರಿಸಿ. ಆಯಿಲ್ ಮೊದಲು ಗಾಳಿಯ ಕೂಲರಿಗೆ ಹೋಗಿ, ಬಳಿಕ ಕೂಲಂಟ್ ಕೂಲರನ್ನು ದಾಟಿ ಎಂಜಿನ್ನಿಗೆ ಮರಳಲಿ. ಆಗ ಮಳೆಯಲ್ಲಿ ಗಾಳಿಯ ಕೂಲರ್ ಅತಿಯಾಗಿ ತಣಿಸಿದರೂ ಕೂಲಂಟ್ ಅದನ್ನು ತುಸು ಕಾಯಿಸಿ ಬೇರಿಂಗಿಗೆ ಕಳಿಸುತ್ತದೆ. ಕೂಲರ್ ಕೂರಿಸುವಾಗ ಬುಡದ ರಬ್ಬರ್ ಸೀಲನ್ನು ಹೊಸದಾಗಿ ಹಾಕಿಸಿ, ನಟ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿಸಿ, ಕೂಲಂಟ್ ತುಂಬಿದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಗಾಳಿಗುಳ್ಳೆ ಹೊರಡುವ ತನಕ ಓಡಿಸಿ.