ಕಂಪ್ಯೂಟರಿಗೆ ನಾಮಕರಣ

ತುಮಕೂರು ಮತ್ತು ತಿಪಟೂರು, ಎರಡೂ ಆಫೀಸಿನ ಕಂಪ್ಯೂಟರುಗಳಿಗೆ ಹೆಸರಿಡೋ ಚರ್ಚೆ ಬಿ.ಎಚ್. ರಸ್ತೆಯ ಟೀ ಅಂಗಡಿಗೆ ಬಂದಿತ್ತು.

"ಗೌರಿ, ಗಣೇಶ ಅಂತ ಇಟ್ಟುಬಿಡೋಣ," ಅಂದ ಮಂಜ.

"ಬೇಡಪ್ಪ. ಗಣೇಶ ಹ್ಯಾಂಗ್ ಆಗಿದ್ದಾನೆ, ಗೌರಿಗೆ ವೈರಸ್ ಬಂದಿದೆ ಅಂತ ಫೋನ್ ಬರ್ತವೆ."

"ಸರಿ, ಕೂತೋರ ಹೆಸರು. ರಮೇಶ್-ಪಿಸಿ."

"ರಮೇಶ ಕೆಲಸ ಬಿಟ್ಟಮೇಲೂ ಆಂಟಿವೈರಸ್ ರಿಪೋರ್ಟಲ್ಲಿ ಅವನೇ ಬೈಸ್ಕೋಬೇಕಾ?"

"ತುಮಕೂರು-ಅಕೌಂಟ್ಸ್-01?"

ಲತಾ ಬೆರಳು ಮಡಚಿದಳು. "ಇಂಗ್ಲಿಷಲ್ಲಿ ತುಮಕೂರು 8, ಅಕೌಂಟ್ಸ್ 8, ಗೆರೆ 2, ಅಂಕಿ 2. ಒಟ್ಟು 20. ವಿಂಡೋಸ್‌ನ ನೆಟ್‌ಬಯೋಸ್ ಹೆಸರಿಗೆ, ಅಂದ್ರೆ ನೆಟ್‌ವರ್ಕಲ್ಲಿ ಮೆಷಿನ್ ಗುರುತಿಸೋ ಹಳೇ ಥರದ ಗಿಡ್ಡ ಹೆಸರಿಗೆ, ಜಾಗ 16 ಬೈಟ್, ಕೊನೇದು ಸರ್ವಿಸ್ ಯಾವುದು ಅಂತ ಹೇಳೋಕೆ ಮೀಸಲು. ನಮಗೆ ಸಿಗೋದು 15. ಮಿಕ್ಕ ಬಾಲ ಕಟ್. ಹೋಗೋದು ಆ 01, 02ನೇ! ಅಕೌಂಟ್ಸ್‌ನ ಅಷ್ಟಕ್ಕೂ ಒಂದೇ ಹೆಸರು."

"ಆದ್ರೆ ಏನೀಗ?"

"ಡೊಮೇನ್‌ನಲ್ಲಿ, ಅಂದ್ರೆ ಆಫೀಸಿನ ಮೆಷಿನ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡ್ಕೊಳ್ಳೋ ವ್ಯವಸ್ಥೆಯಲ್ಲಿ, ಒಂದು ಹೆಸರಿಗೆ ಒಂದೇ ಖಾತೆ. ಅದೇ ಹೆಸರಲ್ಲಿ ಎರಡನೇ ಮೆಷಿನ್ ಸೇರಿಸಿದ್ರೆ ಖಾತೆಯ ಪಾಸ್‌ವರ್ಡ್ ಬದಲಾಗುತ್ತೆ, ಮೊದಲನೇದು ಲಾಗಿನ್ ಹೊತ್ತಿಗೆ 'ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್', ಅಂದ್ರೆ ಡೊಮೇನ್ ಜೊತೆ ನಂಬಿಕೆ ಮುರೀತು, ಅನ್ನುತ್ತೆ. ಈಗಿನ ವಿಂಡೋಸ್ ಬೇರೆಯವರು ಸೇರಿಸೋಕೆ ಹೋದ್ರೆ ತಡೆಯುತ್ತೆ. ಆದ್ರೆ ಖಾತೆ ಮಾಡಿದೋನೇ ಮತ್ತೆ ಸೇರಿಸಿದ್ರೆ ಬಿಟ್ಟುಬಿಡುತ್ತೆ. ನಮ್ಮಲ್ಲಿ ಎರಡು ಮೆಷಿನ್ನನ್ನೂ ಸೇರಿಸೋದು ನೀನೇ."

ಸಿದ್ದು ಅಂದ, "ಊರಿಗೆ ಆರ್‌ಟಿಒ ಅಂಕಿ ಸಾಕಲ್ಲ. ನಮಗೆ 06, ತಿಪಟೂರಿಗೆ 44."

"ಅಲ್ಲಿನ ಲ್ಯಾಪ್‌ಟಾಪ್ ಇಲ್ಲಿಗೆ ಬಂದ್ರೆ?"

"44ರ ಕಾರು ತುಮಕೂರಲ್ಲಿ ಓಡಲ್ವಾ? ಪ್ಲೇಟ್ ಕೀಳ್ತೀವಾ?"

"ಓಡ್ಲಿ. ಹೆಸರಲ್ಲಿ 44 ನೋಡ್ಕೊಂಡು ರಿಪೇರಿಗೆ ತಿಪಟೂರು ಬಸ್ ಹತ್ತೋನೂ ನೀನೇ! ಊರಿನ ಅಂಕಿ ಡೆಸ್ಕ್‌ಟಾಪಿಗೆ ಮಾತ್ರ: ಡಿ06, ಗೆರೆ, ಸೀರಿಯಲ್ ನಂಬರು. ಡೆಲ್‌ನ ಸೀರಿಯಲ್, ಅಂದ್ರೆ ಸರ್ವಿಸ್ ಟ್ಯಾಗ್, 7 ಅಕ್ಷರ, ಒಟ್ಟು 11. ಲ್ಯಾಪ್‌ಟಾಪಿಗೆ ಎಲ್, ಗೆರೆ, ಸೀರಿಯಲ್, ಅಷ್ಟೇ. ಸೀರಿಯಲ್ ಉದ್ದ ಇದ್ರೆ ಕೊನೇ 8 ತಗೋ, ಶುರುವಿನವು ಒಂದೇ ಮಾಡೆಲ್‌ನಲ್ಲಿ ಒಂದೇ ಥರ ಇರಬಹುದು."

"ಅಂಡರ್‌ಸ್ಕೋರ್ ಹಾಕಿದ್ರೆ ಚಂದ."

"ಹೆಸರು ಹೇಳಿದ್ರೆ ಮೆಷಿನ್‌ನ ವಿಳಾಸ ಹುಡುಕಿಕೊಡೋದು ಡಿಎನ್‌ಎಸ್. ಅದರ ಹೋಸ್ಟ್ ಹೆಸರಿಗೆ ಅಕ್ಷರ, ಅಂಕಿ, ನಡುವೆ ಹೈಫನ್ ಗೆರೆ, ಬೇರೇನೂ ಇಲ್ಲ. ಬರೀ ಅಂಕಿಯಿದ್ರೆ ವಿಂಡೋಸ್ ಒಪ್ಪಲ್ಲ. ಹೆಸರು ಬದಲಿಸು, ರೀಸ್ಟಾರ್ಟ್ ಮಾಡು, ಆಮೇಲೆ ಡೊಮೇನ್‌ಗೆ ಸೇರಿಸು. ಅದೇ ಹೆಸರಿನ ಸ್ಟಿಕ್ಕರ್ ಮುಂಭಾಗಕ್ಕೆ ಅಂಟಿಸು. ಹಿಂಬದಿಗೆ ಅಂಟಿಸಿದ್ರೆ ಫೋನಲ್ಲಿ ಯಾರೂ ಬಗ್ಗಿ ಓದಲ್ಲ."

"ಅಸೆಂಬಲ್ಡ್ ಪಿಸಿಗೆ?"

"ಬಯಾಸ್‌ನಲ್ಲಿ, ಅಂದ್ರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರಲ್ಲಿ, ಸೀರಿಯಲ್ ಕೇಳಿದ್ರೆ ಎಷ್ಟೋ ಸಲ 'ಟು ಬಿ ಫಿಲ್ಡ್ ಬೈ ಓಇಎಂ', ಅಂದ್ರೆ ತಯಾರಕರು ತುಂಬಬೇಕು, ಅಂತ ಬರುತ್ತೆ. ಅಂಥದಕ್ಕೆ ಆಸ್ತಿ ರಿಜಿಸ್ಟರಿನ ನಂಬರು ಹಾಕು."

"ಆ 'ಟು ಬಿ ಫಿಲ್ಡ್ ಬೈ ಓಇಎಂ' ಅನ್ನೋದನ್ನೇ ಹೆಸರು ಮಾಡಿಬಿಟ್ರೆ?"

"15 ದಾಟುತ್ತೆ ಕಣೋ!"